ಬಲಂ ಸೀಮೆಯಲ್ಲಿ ಮುಗಿದ ಯುದ್ಧ: ಮೈಸೂರು–ಇಂಗ್ಲಿಷ್ ಸಂಘರ್ಷ ಮತ್ತು ಬೇಲೂರು, ಹಳೇಬೀಡು, ಅರಸೀಕೆರೆಗಳ ಪರಿಸರ

ಮೈಸೂರು ಸಂಸ್ಥಾನಕ್ಕೂ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಗೂ ನಡೆದ ಯುದ್ಧಗಳನ್ನು ನಮ್ಮ ಚರಿತ್ರೆಯ ಪಠ್ಯಗಳು ನಾಲ್ಕಾಗಿ ವಿಂಗಡಿಸುತ್ತವೆ. 1767ರಿಂದ 1769, 1780ರಿಂದ 1784, 1790ರಿಂದ 1792 ಮತ್ತು 1799 ಎಂಬ ಈ ಕಾಲವಿಭಾಗವನ್ನು ವಿದ್ಯಾರ್ಥಿಗಳೆಲ್ಲ ಬಲ್ಲರು. ಪ್ರತಿಯೊಂದು ಯುದ್ಧಕ್ಕೂ ಒಂದು ಕಾರಣ, ಒಂದು ಒಪ್ಪಂದ, ಒಬ್ಬ ಸೇನಾಪತಿಯ ಹೆಸರು ಸೇರಿಕೊಂಡು ವಿಷಯ ಅಚ್ಚುಕಟ್ಟಾಗುತ್ತದೆ. ಆದರೆ ಈ ವಿಭಾಗಕ್ರಮವು ರಾಜಧಾನಿಯನ್ನು ನಡುವಿಟ್ಟು ರೂಪುಗೊಂಡದ್ದು. ಶ್ರೀರಂಗಪಟ್ಟಣದ ಕೋಟೆಯಲ್ಲಿ ಒಪ್ಪಂದವಾದಾಗ ಯುದ್ಧ ಮುಗಿಯಿತೆಂದೂ, ಆ ಕೋಟೆ ಬಿದ್ದಾಗ ಸಂಘರ್ಷವೇ ಕೊನೆಗೊಂಡಿತೆಂದೂ ಅದು ಭಾವಿಸುತ್ತದೆ. ಇಂದಿನ ಹಾಸನ ಜಿಲ್ಲೆಯ ಬೇಲೂರು, ಹಳೇಬೀಡು, ಅರಸೀಕೆರೆಗಳ ಕಡೆಯಿಂದ ಅದೇ ಘಟನೆಗಳನ್ನು ನೋಡಿದರೆ ಚಿತ್ರ ಬೇರೆಯಾಗುತ್ತದೆ. ಇಲ್ಲಿ ಯುದ್ಧವು 1792ರಲ್ಲಾಗಲಿ 1799ರಲ್ಲಾಗಲಿ ಮುಗಿಯಲಿಲ್ಲ. ಅದು ಮುಗಿದದ್ದು 1802ರ ಫೆಬ್ರವರಿಯಲ್ಲಿ, ಮಲೆನಾಡಿನ ಕಾಡಿನಲ್ಲಿ ಸೆರೆಸಿಕ್ಕ ಒಬ್ಬ ಪಾಳೆಯಗಾರನನ್ನು ಗಲ್ಲಿಗೇರಿಸುವುದರೊಂದಿಗೆ. ಎರಡು ದೊಡ್ಡ ಶಕ್ತಿಗಳ ನಡುವಿನ ಯುದ್ಧದಲ್ಲಿ ಈ ಸೀಮೆ ಏಕೆ ಇಷ್ಟು ಮುಖ್ಯವಾಯಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸೀಮೆಯ ಸ್ವರೂಪ

ಅರಸೀಕೆರೆ, ಬಾಣಾವರಗಳ ಕಡೆಯದು ಮಳೆ ಕಡಮೆಯಾದ ಬಯಲುಸೀಮೆ. ಹಳೇಬೀಡು, ಬೇಲೂರುಗಳಿಗೆ ಬಂದಂತೆ ನೆಲ ಹಸಿರಾಗಿ, ಮುಂದೆ ಪಶ್ಚಿಮಕ್ಕೆ ದಟ್ಟವಾದ ಕಾಡು, ಅದರಾಚೆ ಘಟ್ಟದ ಇಳಿಜಾರು. ಘಟ್ಟದ ಕೆಳಗೆ ಅಕ್ಕಿ ಬೆಳೆಯುವ ಕನ್ನಡ ಜಿಲ್ಲೆ ಮತ್ತು ಮಂಗಳೂರಿನ ಬಂದರು. ಬಯಲಿನಲ್ಲಿ ಉತ್ತರದಿಂದ ಶ್ರೀರಂಗಪಟ್ಟಣದ ಕಡೆಗೆ ಸೇನೆಗಳು ಸಾಗಬಲ್ಲ ತೆರೆದ ನೆಲ. ಮಲೆಯಲ್ಲಿ ಕರಾವಳಿಯನ್ನು ರಾಜಧಾನಿಗೆ ಜೋಡಿಸುವ ಇಕ್ಕಟ್ಟಾದ ಘಟ್ಟದ ದಾರಿಗಳು. ಈ ಎರಡು ಬಗೆಯ ದಾರಿಗಳೇ ಇಲ್ಲಿಯ ಚರಿತ್ರೆಯ ದಿಕ್ಕನ್ನು ನಿರ್ಧರಿಸಿದವು.

ಹೊಯ್ಸಳರ ಕಾಲದ ವೈಭವ ಈ ಹೊತ್ತಿಗೆ ಬಹುಕಾಲದ ಹಿಂದಿನ ಮಾತಾಗಿತ್ತು. 1133ರಲ್ಲಿ ಗಂಗರಾಜನ ಮಗ ಬೊಪ್ಪನು ಕಟ್ಟಿಸಿದ ಹಳೇಬೀಡಿನ ಪಾರ್ಶ್ವನಾಥ ಬಸದಿಯಾಗಲಿ, 1220ರ ಸುಮಾರಿಗೆ ರೇಚರಸನು ಅರಸೀಕೆರೆಯಲ್ಲಿ ಮಾಡಿಸಿದ ಸಹಸ್ರಕೂಟ ಜಿನಾಲಯವಾಗಲಿ ಒಂದು ಸಮೃದ್ಧ ಸಮಾಜದ ಸಾಕ್ಷಿಗಳು. ದೋರಸಮುದ್ರವು ಪತನದ ಹಾದಿ ಹಿಡಿದದ್ದು 1311ರ ಮಲಿಕ್ ಕಾಫರನ ದಾಳಿಯ ಅನಂತರದ ದಶಕಗಳಲ್ಲಿ. ಹಳೇಬೀಡಿನ ಭಗ್ನಾವಶೇಷಗಳನ್ನು ನೋಡಿ ಅವೆಲ್ಲವನ್ನೂ ಹದಿನೆಂಟನೆಯ ಶತಮಾನದ ಯುದ್ಧಗಳ ತಲೆಗೆ ಕಟ್ಟುವುದು ಕಾಲಗಣನೆಯ ದೃಷ್ಟಿಯಿಂದ ಸಲ್ಲದು.

ಹೊಯ್ಸಳರ ಅನಂತರ, ವಿಜಯನಗರದ ಅಧೀನದಲ್ಲಿ, ಬೇಲೂರಿನ ನಾಯಕರು ತಲೆಯೆತ್ತಿದರು. ಇವರ ಆಳ್ವಿಕೆಯ ಪ್ರದೇಶಕ್ಕೆ ಬಲಂ ಎಂಬ ಹೆಸರು ಬಂತು. ಜೈನ ಅಧ್ಯಯನಕಾರರಿಗೆ ಈ ಮನೆತನ ಅಪರಿಚಿತವಲ್ಲ. 1638ರ ಹಳೇಬೀಡಿನ ಶಾಸನವೊಂದು ವಿಜಯ ಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವನು ಲಿಂಗಮುದ್ರೆ ಹಾಕಿದುದನ್ನೂ, ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿದುದನ್ನೂ, ಅದರಿಂದ ಹುಟ್ಟಿದ ವ್ಯಾಜ್ಯವನ್ನೂ ದಾಖಲಿಸಿದೆ. ವೀರಶೈವ ಮತ್ತು ಜೈನ ಪ್ರಮುಖರು ಸೇರಿ, ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಿ ಅನಂತರ ಜೈನರು ತಮ್ಮ ಪೂಜಾದಿಗಳನ್ನು ಎಂದಿನಂತೆ ನಡೆಸಿಕೊಂಡು ಬರತಕ್ಕದ್ದೆಂದು ತೀರ್ಮಾನಿಸಿದರು. ಆಗ ಬೇಲೂರಿನಲ್ಲಿ ಆಳುತ್ತಿದ್ದವನು ವೆಂಕಟಾದ್ರಿ ನಾಯಕ. ನಾಡಿನ ವ್ಯಾಜ್ಯಗಳು ನಾಡಿನ ಹಿರಿಯರ ಸಮ್ಮುಖದಲ್ಲಿ, ನಾಯಕನ ಆಳ್ವಿಕೆಯ ನೆರಳಿನಲ್ಲಿ ಬಗೆಹರಿಯುತ್ತಿದ್ದವು ಎಂಬುದಕ್ಕೆ ಈ ಶಾಸನ ನಿದರ್ಶನ. ಕಾಲಕ್ರಮದಲ್ಲಿ ಬಯಲಿನ ಭಾಗ ಮೈಸೂರಿನ ಅರಸರಿಗೆ ಸೇರಿತು. ಮಲೆಯ ಭಾಗ ಮಾತ್ರ ಪಾಳೆಯಗಾರರ ಕೈಯಲ್ಲಿ ಉಳಿಯಿತು. ಮೈಸೂರು–ಇಂಗ್ಲಿಷ್ ಯುದ್ಧದ ಕಾಲಕ್ಕೆ ಬಲಂನ ಪಾಳೆಯಗಾರನಾಗಿದ್ದವನು ಕೃಷ್ಣಪ್ಪ ನಾಯಕ.

ಯುದ್ಧದ ಕಾರಣಗಳು

ಮೂರನೆಯ ಯುದ್ಧದ ತಕ್ಷಣದ ಕಾರಣ ದೂರದ ಕೇರಳದಲ್ಲಿತ್ತು. 1789ರಲ್ಲಿ ತಿರುವಾಂಕೂರಿನ ರಾಜನು ಡಚ್ಚರಿಂದ ಕೊಡುಂಗಲ್ಲೂರು ಮತ್ತು ಆಯಕೋಟೆ ಎಂಬ ಎರಡು ಕೋಟೆಗಳನ್ನು ಕೊಂಡುಕೊಂಡನು. ಅವು ತನ್ನ ಸಾಮಂತನಾದ ಕೊಚ್ಚಿಯ ರಾಜನಿಗೆ ಸೇರಿದ ನೆಲದಲ್ಲಿವೆ, ಡಚ್ಚರಿಗೆ ಮಾರುವ ಹಕ್ಕಿಲ್ಲ ಎಂಬುದು ಟಿಪ್ಪುವಿನ ವಾದ. ಆ ವರ್ಷದ ಡಿಸೆಂಬರ್ 29ರಂದು ಅವನು ತಿರುವಾಂಕೂರಿನ ಗಡಿಗೋಡೆಯ ಮೇಲೆ ದಾಳಿ ಮಾಡಿ ಹಿಮ್ಮೆಟ್ಟಬೇಕಾಯಿತು. 1784ರ ಮಂಗಳೂರು ಒಪ್ಪಂದದಲ್ಲಿ ತಿರುವಾಂಕೂರು ಇಂಗ್ಲಿಷರ ಮಿತ್ರರಾಜ್ಯವೆಂದು ಸೇರಿಸಲ್ಪಟ್ಟಿದ್ದುದರಿಂದ ಈ ದಾಳಿ ಕಂಪನಿಗೆ ಯುದ್ಧದ ಕಾರಣವನ್ನು ಒದಗಿಸಿತು.

ಆದರೆ ಕಾರಣ ಒದಗುವ ಮೊದಲೇ ಸಿದ್ಧತೆ ನಡೆದಿತ್ತು. 1784ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಅಂಗೀಕರಿಸಿದ ಶಾಸನವು ರಾಜ್ಯವಿಸ್ತಾರಕ್ಕಾಗಿ ಯುದ್ಧ ಹೂಡುವುದನ್ನು ನಿಷೇಧಿಸಿತ್ತು. 1786ರಲ್ಲಿ ಗವರ್ನರ್ ಜನರಲ್ ಆಗಿ ಬಂದ ಕಾರ್ನ್‌ವಾಲಿಸನು ಅಕ್ಷರಶಃ ಆ ಕಟ್ಟಳೆಯನ್ನು ಮೀರಲಿಲ್ಲ. 1789ರ ಜುಲೈನಲ್ಲಿ ನಿಜಾಮನಿಗೆ ಬರೆದ ಪತ್ರದಲ್ಲಿ, ಅವನಿಗೆ ಕೊಡುವ ಕಂಪನಿಯ ಸೇನೆಯನ್ನು ಯಾವ ಯಾವ ಮಿತ್ರಶಕ್ತಿಗಳ ವಿರುದ್ಧ ಬಳಸಕೂಡದೆಂದು ಪಟ್ಟಿಮಾಡಿದನು. ಆ ಪಟ್ಟಿಯಲ್ಲಿ ಮೈಸೂರಿನ ಹೆಸರಿರಲಿಲ್ಲ. ಬರೆಯದೆ ಬಿಟ್ಟ ಆ ಹೆಸರಿನ ಅರ್ಥ ಹೈದರಾಬಾದಿಗೂ ಶ್ರೀರಂಗಪಟ್ಟಣಕ್ಕೂ ಸ್ಪಷ್ಟವಾಗಿತ್ತು. 1790ರ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಪೇಶ್ವೆಯೊಡನೆಯೂ ನಿಜಾಮನೊಡನೆಯೂ ಒಪ್ಪಂದಗಳಾದವು.

ಇದರ ಹಿಂದೆ ಇನ್ನೂ ಆಳವಾದ ಕಾರಣಗಳಿದ್ದವು. ಮೆಣಸು, ಗಂಧ, ಏಲಕ್ಕಿಗಳ ವ್ಯಾಪಾರವನ್ನು ಟಿಪ್ಪು ಸರ್ಕಾರದ ಹಿಡಿತಕ್ಕೆ ತಂದಿದ್ದನು. ಪಶ್ಚಿಮ ಕರಾವಳಿಯ ವ್ಯಾಪಾರದಿಂದ ಬದುಕುತ್ತಿದ್ದ ಇಂಗ್ಲಿಷರಿಗೆ ಇದು ನೇರವಾದ ನಷ್ಟ. ಫ್ರಾನ್ಸಿನೊಡನೆ ಅವನು ಬೆಳೆಸಿದ ಸಂಬಂಧ ಅವರ ಸಂಶಯವನ್ನು ಹೆಚ್ಚಿಸಿತು. ಮರಾಠರಿಗೆ ಕೃಷ್ಣಾ ತುಂಗಭದ್ರೆಗಳ ನಡುವಿನ ನೆಲ ಬೇಕಾಗಿತ್ತು. ನಿಜಾಮನಿಗೆ ಕಳೆದುಕೊಂಡ ಕಡಪೆಯ ಕಡೆಯ ಪ್ರದೇಶ ಬೇಕಾಗಿತ್ತು. ಟಿಪ್ಪುವಿಗೆ ಕರಾವಳಿ ಬೇಕೇ ಬೇಕಾಗಿತ್ತು. ಸಮುದ್ರದ ಸಂಪರ್ಕವಿಲ್ಲದ ಮೈಸೂರು ಯುರೋಪಿನ ಶಕ್ತಿಗಳೆದುರು ನಿಲ್ಲಲಾರದೆಂಬುದನ್ನು ಅವನು ಚೆನ್ನಾಗಿ ಅರಿತಿದ್ದನು. ಘಟ್ಟದ ದಾರಿಗಳ ಮಹತ್ತ್ವ ಇರುವುದು ಇಲ್ಲಿಯೇ.

ಯುದ್ಧದ ಗತಿ: ಮದ್ದಿಗಿಂತ ಮೇವು

1790ರಲ್ಲಿ ಜನರಲ್ ಮೆಡೋಸನು ಕೊಯಮತ್ತೂರಿನ ಕಡೆಯಿಂದ ಘಟ್ಟವೇರುವ ಯೋಜನೆ ಹಾಕಿದನು. ಟಿಪ್ಪು ಸೆಪ್ಟೆಂಬರಿನಲ್ಲಿ ಗಜಲಹಟ್ಟಿ ಕಣಿವೆಯ ಮೂಲಕ ಇಳಿದು ಆ ಯೋಜನೆಯನ್ನು ಮುರಿದನು. 1791ರ ಆರಂಭದಲ್ಲಿ ಕಾರ್ನ್‌ವಾಲಿಸನೇ ಸೇನೆಯ ನೇತೃತ್ವ ವಹಿಸಿದನು. ಹತ್ತು ವರ್ಷಗಳ ಹಿಂದೆ ಅಮೆರಿಕದ ಯಾರ್ಕ್‌ಟೌನಿನಲ್ಲಿ ಶರಣಾಗಿದ್ದ ಅವನಿಗೆ ಈ ಯುದ್ಧದಲ್ಲಿ ತನ್ನ ಹೆಸರನ್ನು ಉಳಿಸಿಕೊಳ್ಳಬೇಕಾದ ಅಗತ್ಯವೂ ಇತ್ತು. ಮಾರ್ಚ್ 21ರ ರಾತ್ರಿ ಬೆಂಗಳೂರಿನ ಕೋಟೆ ಅವನ ವಶವಾಯಿತು. ಮೇ 15ರಂದು ಶ್ರೀರಂಗಪಟ್ಟಣದ ಸಮೀಪದ ಅರಕೆರೆಯ ಬಳಿ ನಡೆದ ಕದನದಲ್ಲಿಯೂ ಇಂಗ್ಲಿಷರಿಗೆ ಜಯವಾಯಿತು.

ಆದರೆ ಗೆದ್ದ ಸೇನೆಗೆ ತಿನ್ನಲು ಅನ್ನವಿರಲಿಲ್ಲ. ಟಿಪ್ಪು ದಾರಿಯುದ್ದಕ್ಕೂ ಹುಲ್ಲು, ಧಾನ್ಯಗಳನ್ನು ಸುಡಿಸಿ ಊರುಗಳನ್ನು ತೆರವು ಮಾಡಿಸಿದ್ದನು. ಬಂಡಿಯ ಎತ್ತುಗಳು ಸಾವಿರಗಟ್ಟಲೆ ಸತ್ತವು. ಮುಂಗಾರಿನ ಮಳೆ ಹಿಡಿಯಿತು. ಮೇ 22ರಂದು ಕನ್ನಂಬಾಡಿಯ ಬಳಿ ಕಾರ್ನ್‌ವಾಲಿಸನು ತನ್ನ ಭಾರಿ ಫಿರಂಗಿಗಳನ್ನು ತಾನೇ ಒಡೆಸಿ ಹಿಂದಿರುಗಬೇಕಾಯಿತು. ಕೊಡಗಿನ ಮೂಲಕ ಬಂದಿದ್ದ ಅಬರ್‌ಕ್ರಾಂಬಿಯ ಸೇನೆಯೂ ಘಟ್ಟವಿಳಿಯಿತು. ಆಗ ಅವರನ್ನು ಉಳಿಸಿದ್ದು ಮೇಲುಕೋಟೆಯ ಕಡೆಯಿಂದ ಅನಿರೀಕ್ಷಿತವಾಗಿ ಬಂದು ಸೇರಿದ ಮರಾಠರ ಸೇನೆ. ಹರಿಪಂತ ಫಡ್ಕೆ ಮತ್ತು ಪರಶುರಾಮ ಭಾವೂ ಪಟವರ್ಧನರ ಆ ಪಾಳೆಯದ ಸಂತೆಯಲ್ಲಿ ಧಾನ್ಯವಷ್ಟೇ ಅಲ್ಲದೆ ಕಾಶ್ಮೀರದ ಶಾಲಿನಿಂದ ಬರ್ಮಿಂಗ್‌ಹ್ಯಾಮಿನ ಚೂರಿಯವರೆಗೆ ಎಲ್ಲವೂ ದೊರೆಯುತ್ತಿದ್ದಿತೆಂದು ಇತಿಹಾಸಕಾರ ವಿಲ್ಕ್ಸ್ ವರ್ಣಿಸಿದ್ದಾನೆ. ಇಂಗ್ಲಿಷ್ ಲೇಖಕರು ಆ ಸಂತೆಯ ವೈವಿಧ್ಯವನ್ನು ಬೆರಗಿನಿಂದ ನೋಡಿದರು. ಅಲ್ಲಿ ಮಾರಾಟಕ್ಕಿದ್ದ ವಸ್ತುಗಳಲ್ಲಿ ಎಷ್ಟೋ ಭಾಗ ದಾರಿಯ ಊರುಗಳ ಲೂಟಿಯದೆಂಬುದನ್ನು ನಾವು ಮರೆಯಬಾರದು.

ಇಲ್ಲಿ ಸಂಶೋಧಕರಿಗೆ ಒಂದು ಎಚ್ಚರಿಕೆ ಅಗತ್ಯ. ಇಂಗ್ಲಿಷ್ ದಾಖಲೆಗಳಲ್ಲಿ ಈ ಕಾಲದ ಸ್ಥಳನಾಮಗಳ ಬರಹ ಬಹಳ ಗೊಂದಲದ್ದು. 1791ರ ಮೇ ತಿಂಗಳ ಕದನ ನಡೆದ ಅರಕೆರೆ ಶ್ರೀರಂಗಪಟ್ಟಣದ ಹತ್ತಿರದ್ದು. ಮುಂದೆ ಪ್ರಸ್ತಾಪಿಸಲಿರುವ, 1800 ಮತ್ತು 1802ರಲ್ಲಿ ಹೋರಾಟ ನಡೆದ ಅರಕೆರೆ ಬಲಂ ಸೀಮೆಯ ಕಾಡಿನೊಳಗಿನದು. ಅರಸೀಕೆರೆ ಇವೆರಡಕ್ಕಿಂತ ಬೇರೆ. ಈ ಮೂರು ಹೆಸರುಗಳೂ ರೋಮನ್ ಲಿಪಿಯಲ್ಲಿ ಹೆಚ್ಚುಕಡಮೆ ಒಂದೇ ರೀತಿಯಲ್ಲಿ ಕಾಣಿಸಿಕೊಳ್ಳುತ್ತವೆ. ಹಾಗೆಯೇ ಬಲಂ ಎಂಬುದು ‘ಬುಲ್ಲಂ’ ಎಂದಾಗಿದೆ. ಹೆಸರಿನ ಸಾಮ್ಯವನ್ನು ನಂಬಿ ಕದನಗಳ ಸ್ಥಳವನ್ನು ಗುರುತಿಸುವುದು ಅಪಾಯಕಾರಿ. ದಿನಾಂಕ ಮತ್ತು ಸೇನೆಯ ದಾರಿಗಳನ್ನು ಹೊಂದಿಸಿ ನೋಡಿಯೇ ನಿರ್ಣಯಕ್ಕೆ ಬರಬೇಕು.

ಬಯಲಿನ ಬವಣೆ

ಪರಶುರಾಮ ಭಾವೂವಿನ ಸೇನೆ 1790ರ ಸೆಪ್ಟೆಂಬರಿನಿಂದ ಧಾರವಾಡದ ಕೋಟೆಯನ್ನು ಮುತ್ತಿ ಆರು ತಿಂಗಳಿಗೂ ಮೀರಿ ಕಾದು, 1791ರ ಏಪ್ರಿಲಿನಲ್ಲಿ ಅದನ್ನು ವಶಪಡಿಸಿಕೊಂಡಿತ್ತು. ಅನಂತರ ತುಂಗಭದ್ರೆಯನ್ನು ದಾಟಿ ದಕ್ಷಿಣಕ್ಕೆ ಸರಿದ ಆ ಕುದುರೆಪಡೆ ಬಯಲುಸೀಮೆಯ ಊರುಗಳಿಗೆ ತಂದ ಸಂಕಟ ಸಣ್ಣದಲ್ಲ. ಈ ಸೇನೆಗಳೊಡನೆ ಸಂಬಳವಿಲ್ಲದೆ ಲೂಟಿಯಿಂದಲೇ ಬದುಕುವ ಪಿಂಡಾರಿಗಳಿರುತ್ತಿದ್ದರು. ಒಂದು ಕಡೆ ಶತ್ರುವಿಗೆ ಸಿಗದಿರಲೆಂದು ತಮ್ಮ ಸರ್ಕಾರವೇ ಬೆಳೆ ಸುಡಿಸುವುದು, ಇನ್ನೊಂದು ಕಡೆ ಉಳಿದದ್ದನ್ನು ಶತ್ರು ಕೊಳ್ಳೆಹೊಡೆಯುವುದು. ಈ ಎರಡರ ನಡುವೆ ರೈತ ಸಿಕ್ಕಿಬಿದ್ದನು.

ಆದರೂ ಊರುಗಳು ಸುಮ್ಮನೆ ತಲೆಕೊಡಲಿಲ್ಲ. ಅರಸೀಕೆರೆಯ ಪೂರ್ವಕ್ಕೆ, ಗುಬ್ಬಿ ಸೀಮೆಯ ಮೂಗನಾಯಕನಕೋಟೆ ಇದಕ್ಕೆ ಒಳ್ಳೆಯ ನಿದರ್ಶನ. ಪರಶುರಾಮ ಭಾವೂವಿನ ಸೇನೆಯ ಒಂದು ತುಕಡಿ ಫಿರಂಗಿಯೊಡನೆ ಬಂದು ಸುಮಾರು ಎರಡು ತಿಂಗಳು ಮುತ್ತಿದರೂ ಊರಿನವರೇ ಮಣ್ಣಿನ ಕೋಟೆಯನ್ನು ಕಾಯ್ದುಕೊಂಡ ಸಂಗತಿಯನ್ನು ಫ್ರಾನ್ಸಿಸ್ ಬುಕಾನನ್ ದಾಖಲಿಸಿದ್ದಾನೆ. ಯಾವ ದೊರೆಯ ಸೈನ್ಯವೂ ನೆರವಿಗೆ ಬಾರದ ಕಡೆ ಗೌಡನೂ ರೈತರೂ ಯುದ್ಧ ಮಾಡಿದರು.

ಇದೇ ಕಾಲದಲ್ಲಿ, 1791ರಲ್ಲಿ, ಮಲೆನಾಡಿನ ಶೃಂಗೇರಿಯ ಮಠವೂ ಮರಾಠಾ ಸೇನೆಯ ಕುದುರೆಪಡೆಯ ಲೂಟಿಗೆ ಒಳಗಾಯಿತು. ಜಗದ್ಗುರುಗಳಿಗೆ ಟಿಪ್ಪು ಬರೆದ ಕನ್ನಡ ಪತ್ರಗಳನ್ನೂ, ಶಾರದೆಯ ಪ್ರತಿಷ್ಠೆಗಾಗಿ ಅವನು ಕೊಟ್ಟ ನೆರವಿನ ವಿವರವನ್ನೂ 1916ರಲ್ಲಿ ಬೆಳಕಿಗೆ ತಂದವರು ಕವಿಚರಿತೆಯ ಕರ್ತೃಗಳೇ ಆದ ಆರ್. ನರಸಿಂಹಾಚಾರ್ಯರು. ಕೊಡಗಿನಲ್ಲಿ, ಮಲಬಾರಿನಲ್ಲಿ ಟಿಪ್ಪುವಿನ ಸೇನೆ ನಡೆದುಕೊಂಡ ಬಗೆಗೂ ಶೃಂಗೇರಿಯ ಪತ್ರಗಳಿಗೂ ಹೊಂದಿಕೆಯಿಲ್ಲವೆಂದು ಕೆಲವರು ಒಂದನ್ನು ಹಿಡಿದು ಇನ್ನೊಂದನ್ನು ಬಿಡುತ್ತಾರೆ. ಎರಡೂ ದಾಖಲೆಗಳೇ. ಸೇನೆಗಳ ನಡೆ ಮತದಿಂದ ಮಾತ್ರ ನಿರ್ಧಾರವಾಗುತ್ತಿರಲಿಲ್ಲ. ಯಾವ ನೆಲ ತನ್ನದು, ಯಾವುದು ಶತ್ರುವಿನದು ಅಥವಾ ದಂಗೆಯೆದ್ದದ್ದು ಎಂಬ ರಾಜಕೀಯ ಲೆಕ್ಕವೂ ಅದರಲ್ಲಿ ಬಲವಾಗಿ ಕೆಲಸ ಮಾಡುತ್ತಿತ್ತು.

ಬಲಂನ ಪಾಳೆಯಗಾರ ಮತ್ತು ಮಂಜರಾಬಾದ್

1791ರ ಅಕ್ಟೋಬರಿನಲ್ಲಿ ನಂದಿದುರ್ಗ, ಡಿಸೆಂಬರಿನಲ್ಲಿ ಸಾವನದುರ್ಗ ಇಂಗ್ಲಿಷರ ವಶವಾದವು. ಮಿತ್ರರ ಯೋಜನೆಯಂತೆ ಪರಶುರಾಮ ಭಾವೂ ಶ್ರೀರಂಗಪಟ್ಟಣದ ಪಶ್ಚಿಮಕ್ಕೆ ಬಂದು ಅಬರ್‌ಕ್ರಾಂಬಿಯನ್ನು ಕೂಡಿಕೊಳ್ಳಬೇಕಾಗಿತ್ತು. ಅವನು ಬಿದನೂರಿನ ಸಂಪತ್ತನ್ನು ಬಯಸಿ ಶಿವಮೊಗ್ಗೆಯ ಕಡೆ ತಿರುಗಿದನು. ಕ್ಯಾಪ್ಟನ್ ಲಿಟಲ್‌ನ ಇಂಗ್ಲಿಷ್ ತುಕಡಿಯ ಬಲದಿಂದ 1792ರ ಜನವರಿಯ ಮೊದಲಲ್ಲಿ ಶಿವಮೊಗ್ಗೆಯ ಕೋಟೆ ಶರಣಾಯಿತು. ಮರಾಠರ ಸೇನೆ ಮಲೆನಾಡಿನ ಅಂಚಿಗೆ ಬಂದ ಈ ಸಂದರ್ಭದಲ್ಲಿ ಬಲಂನ ಕೃಷ್ಣಪ್ಪ ನಾಯಕನು ಪರಶುರಾಮ ಭಾವೂವನ್ನು ಸೇರಿಕೊಂಡನು.

ಇದನ್ನು ದ್ರೋಹವೆಂದು ಕರೆಯುವುದು ಸುಲಭ. ಆದರೆ ಪಾಳೆಯಗಾರನ ದೃಷ್ಟಿಯಲ್ಲಿ ಹೈದರ್, ಟಿಪ್ಪು, ಪೇಶ್ವೆ, ಕಂಪನಿ ಎಲ್ಲರೂ ಹೊರಗಿನ ಪ್ರಭುಗಳೇ. ಕಪ್ಪ ಕೊಟ್ಟು ತನ್ನ ಸೀಮೆಯನ್ನು ತಾನೇ ಆಳುವ ಹಳೆಯ ಪದ್ಧತಿಯನ್ನು ಮೈಸೂರಿನ ಹೊಸ ಆಡಳಿತ ಅಳಿಸುತ್ತ ಬಂದಿತ್ತು. ಅಮಲ್ದಾರರ ಮೂಲಕ ಕಂದಾಯವನ್ನು ನೇರವಾಗಿ ಎತ್ತುವ ರಾಜ್ಯದಲ್ಲಿ ಪಾಳೆಯಗಾರನಿಗೆ ಸ್ಥಾನವಿರಲಿಲ್ಲ. ಎರಡು ಶಕ್ತಿಗಳು ಕಾದಾಡುವಾಗ ಉಂಟಾಗುವ ಬಿರುಕಿನಲ್ಲಿ ತನ್ನ ಹಳೆಯ ಅಧಿಕಾರವನ್ನು ಮರಳಿ ಪಡೆಯುವುದೊಂದೇ ಅವನಿಗಿದ್ದ ದಾರಿ.

ಆ ಬಿರುಕು ಬೇಗ ಮುಚ್ಚಿಕೊಂಡಿತು. 1792ರ ಫೆಬ್ರವರಿ 6ರ ರಾತ್ರಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಹೊರಾವರಣದ ಮೇಲೆ ದಾಳಿ ಮಾಡಿದನು. ಪರಶುರಾಮ ಭಾವೂ ಅಲ್ಲಿಗೆ ತಲುಪುವ ಮೊದಲೇ ಸಂಧಿಯ ಮಾತುಕತೆ ಮುಗಿದಿತ್ತು. ಮಾರ್ಚ್ 18ರ ಒಪ್ಪಂದದಂತೆ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಕೊಡಬೇಕಾಯಿತು. ಇಬ್ಬರು ಮಕ್ಕಳು ಒತ್ತೆಯಾಳುಗಳಾಗಿ ಹೋದರು. ಸಂಧಿಯಾದೊಡನೆ ಕೃಷ್ಣಪ್ಪ ನಾಯಕನಿಗೆ ಆಶ್ರಯವಿಲ್ಲದಂತಾಗಿ ಅವನು ಕೊಡಗಿಗೆ ಓಡಿಹೋದನು. ಟಿಪ್ಪು ಅವನನ್ನು ಮರಳಿ ಕರೆಯಿಸಿ, ಸುಮಾರು 5000 ವರಾಹ ಹುಟ್ಟುವಳಿಯ ಐಗೂರು ಸೀಮೆಯನ್ನು ಕೊಟ್ಟು, ಬಲಂನ ಉಳಿದ ಭಾಗವನ್ನು ಮೈಸೂರಿಗೆ ಸೇರಿಸಿಕೊಂಡನು.

ತನಗೆ ಎದುರಾಗಿ ಶತ್ರುವನ್ನು ಸೇರಿದವನನ್ನು ಟಿಪ್ಪು ಹೀಗೆ ಓಲೈಸಿದ್ದೇಕೆ? ಉತ್ತರ ಒಪ್ಪಂದದ ಭೂಪಟದಲ್ಲಿದೆ. ಮಲಬಾರು ಕಂಪನಿಯ ವಶವಾಯಿತು. ಕೊಡಗಿನ ವೀರರಾಜೇಂದ್ರನು ಕಂಪನಿಯ ರಕ್ಷಣೆಗೆ ಒಳಗಾದನು. ಮೈಸೂರಿಗೆ ಉಳಿದ ಕಡಲು ಮಂಗಳೂರಿನ ಕಡೆಯ ಕರಾವಳಿ ಮಾತ್ರ. ರಾಜಧಾನಿಯಿಂದ ಆ ಕಡಲಿಗೆ ಹೋಗುವ ನೇರವಾದ ದಾರಿ ಬಲಂ ಮೂಲಕ ಹಾದುಹೋಗುತ್ತಿತ್ತು. ಅದರ ದಕ್ಷಿಣಕ್ಕೇ ಶತ್ರುವಿನ ಮಿತ್ರನಾದ ಕೊಡಗು. ಅಸಂತುಷ್ಟನಾದ ಪಾಳೆಯಗಾರನೊಬ್ಬನು ಕೊಡಗಿನಲ್ಲಿ ಕುಳಿತಿರುವುದಕ್ಕಿಂತ ಐಗೂರಿನಲ್ಲಿ ಕಣ್ಣಮುಂದೆ ಇರುವುದು ಲೇಸೆಂದು ಟಿಪ್ಪು ಎಣಿಸಿರಬೇಕು. ಅಷ್ಟಕ್ಕೇ ನಿಲ್ಲದೆ ಸಕಲೇಶಪುರದಾಚೆಯ ಗುಡ್ಡದ ಮೇಲೆ, ಘಟ್ಟದ ದಾರಿಯನ್ನು ಕಾಯುವಂತೆ, ಕೋಟೆಯೊಂದನ್ನು ಕಟ್ಟಿಸಿದನು. ಫ್ರೆಂಚರ ಕೋಟೆಶಿಲ್ಪದ ಮಾದರಿಯಲ್ಲಿ ಎಂಟು ಮೂಲೆಗಳ ನಕ್ಷತ್ರಾಕಾರದಲ್ಲಿರುವ ಮಂಜರಾಬಾದ್ ಇದೇ. ಇಂದು ಪ್ರವಾಸಿಗಳು ಅದರ ಆಕಾರದ ಸೊಗಸನ್ನು ಮೆಚ್ಚುತ್ತಾರೆ. ವಾಸ್ತವದಲ್ಲಿ ಅದು ಅರ್ಧ ರಾಜ್ಯ ಕಳೆದುಕೊಂಡ ದೊರೆಯು ಉಳಿದ ಒಂದೇ ಕಡಲದಾರಿಗೆ ಹಾಕಿದ ಅಗುಳಿ.

1799ರ ಅನಂತರ

1799ರ ಮಾರ್ಚಿನಲ್ಲಿ ಕೊಡಗಿನ ಗಡಿಯ ಸಿದ್ಧೇಶ್ವರದಲ್ಲಿ, ಮಳವಳ್ಳಿಯಲ್ಲಿ ಕದನಗಳಾಗಿ, ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಟಿಪ್ಪು ಹೋರಾಡುತ್ತಲೇ ಮಡಿದನು. ಜೂನ್ 30ರಂದು ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ಪೂರ್ಣಯ್ಯನವರು ದಿವಾನರಾದರು. ಪಠ್ಯಪುಸ್ತಕಗಳ ಯುದ್ಧ ಇಲ್ಲಿಗೆ ಮುಗಿಯುತ್ತದೆ.

ರಾಜ್ಯ ಹಂಚಿಕೆಯಾದಾಗ ಕನ್ನಡ ಜಿಲ್ಲೆ ಕಂಪನಿಗೆ ಸೇರಿತು. ಶ್ರೀರಂಗಪಟ್ಟಣದಲ್ಲಿ ಕಂಪನಿಯ ಸೇನೆ, ಮಂಗಳೂರಿನಲ್ಲಿ ಕಂಪನಿಯ ಬಂದರು, ನಡುವೆ ಮತ್ತೆ ಬಲಂ. ಏಳು ವರ್ಷಗಳ ಹಿಂದೆ ಟಿಪ್ಪುವಿಗೆ ಯಾವ ದಾರಿ ಬೇಕಾಗಿತ್ತೋ ಈಗ ಅವನನ್ನು ಗೆದ್ದವರಿಗೂ ಅದೇ ದಾರಿ ಬೇಕಾಯಿತು. ಪ್ರಭುತ್ವ ಬದಲಾದರೂ ಘಟ್ಟದ ಅಗತ್ಯ ಬದಲಾಗಲಿಲ್ಲ. ಕೃಷ್ಣಪ್ಪ ನಾಯಕನ ಮಗ ವೆಂಕಟಾದ್ರಿ ನಾಯಕನು ಹೊಸ ಆಳ್ವಿಕೆಯನ್ನು ಒಪ್ಪದೆ ಮಲೆಯಲ್ಲಿ ಸ್ವತಂತ್ರನಾಗಿ ನಿಂತನು. ಬಲಂನ ಊರುಗಳು ಬಿದಿರಿನ ಮೆಳೆ, ಮುಳ್ಳಿನ ಬೇಲಿ, ಕಂದಕಗಳಿಂದ ಒಂದೊಂದೂ ಕೋಟೆಯಂತಿದ್ದವು.

1800ರ ಏಪ್ರಿಲ್ ಮೊದಲಲ್ಲಿ ಕಾಡಿನೊಳಗಿನ ಅರಕೆರೆಯ ಮೇಲೆ ಏರಿಹೋದ ಕಂಪನಿಯ ತುಕಡಿ ಸೋತು ಹಿಮ್ಮೆಟ್ಟಿತು. ತಿಂಗಳ ಕೊನೆಯಲ್ಲಿ ಕರ್ನಲ್ ಮಾಂಟ್ರೆಸರನು ಹೆಚ್ಚಿನ ಬಲದೊಡನೆ ಆ ನೆಲೆಯನ್ನು ಹಿಡಿದನು. ಆದರೆ ಅಷ್ಟರಲ್ಲಿ ಉತ್ತರದಲ್ಲಿ ಧೋಂಡಿಯಾ ವಾಘನ ದಂಗೆ ಬಲಿತು, ಮಳೆಗಾಲವೂ ಎದುರಾಗಿ, ಸೇನೆ ಹಿಂದೆಗೆಯಿತು. ವೆಂಕಟಾದ್ರಿ ನಾಯಕ ಮತ್ತೆ ತನ್ನ ಸೀಮೆಯನ್ನು ಹಿಡಿದನು. 1802ರ ಜನವರಿ 16ರಂದು ಆರ್ಥರ್ ವೆಲ್ಲೆಸ್ಲಿ ಸ್ವತಃ ಬಂದು ಸೇನೆಯನ್ನು ಭಾಗಮಾಡಿ ಬೇರೆ ಬೇರೆ ಕಡೆಗಳಿಂದ ಏಕಕಾಲಕ್ಕೆ ನುಗ್ಗಿಸಿ ಅರಕೆರೆಯನ್ನು ಗೆದ್ದನು. ಮೈಸೂರಿನ ಪಡೆಯೂ ಈ ಕಾರ್ಯಾಚರಣೆಯಲ್ಲಿತ್ತು. ತಪ್ಪಿಸಿಕೊಂಡಿದ್ದ ನಾಯಕನು ಫೆಬ್ರವರಿಯಲ್ಲಿ ಸೆರೆಸಿಕ್ಕಿ ಗಲ್ಲಿಗೇರಿದನು. ಊರುಗಳ ಬೇಲಿ ಕಂದಕಗಳನ್ನು ನಾಶಮಾಡಿ, ಕಾಡು ಕಡಿದು ದಾರಿ ಬಿಡಿಸಲಾಯಿತು. ಮುಂದೆ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್ ಈ ವೆಲ್ಲೆಸ್ಲಿಯೇ.

1638ರಲ್ಲಿ ಹಳೇಬೀಡಿನ ಬಸದಿಯ ವ್ಯಾಜ್ಯ ತೀರಿದಾಗ ಆಳುತ್ತಿದ್ದವನ ಹೆಸರೂ ವೆಂಕಟಾದ್ರಿ, 1802ರಲ್ಲಿ ಗಲ್ಲಿಗೇರಿದವನ ಹೆಸರೂ ವೆಂಕಟಾದ್ರಿ. ಈ ನೂರ ಅರವತ್ತನಾಲ್ಕು ವರ್ಷಗಳಲ್ಲಿ ನಾಡಿನ ಅಧಿಕಾರದ ಸ್ವರೂಪವೇ ಬದಲಾಯಿತು. ನಾಡಿನೊಳಗೆ ನೆಲೆಸಿ, ತಪ್ಪನ್ನೂ ಒಪ್ಪನ್ನೂ ಮಾಡುತ್ತಿದ್ದ ಸ್ಥಳೀಯ ಪ್ರಭುತ್ವದ ಬದಲು, ದೂರದ ಕಚೇರಿಯಿಂದ ಆಳುವ ಪ್ರಭುತ್ವ ಬಂತು. ಇದು ಟಿಪ್ಪುವಿನ ಅಮಲ್ದಾರಿಕೆಯಲ್ಲಿ ಆರಂಭವಾಗಿ ಪೂರ್ಣಯ್ಯನವರ ಆಡಳಿತದಲ್ಲಿ ನೆಲೆಗೊಂಡಿತು. ಆ ದೃಷ್ಟಿಯಿಂದ ಪರಸ್ಪರ ಶತ್ರುಗಳಾಗಿ ಕಾದಾಡಿದ ಎರಡು ಶಕ್ತಿಗಳೂ ಬಲಂ ವಿಷಯದಲ್ಲಿ ಒಂದೇ ಕೆಲಸವನ್ನು ಮುಂದುವರಿಸಿದವು.

ಆಕರಗಳ ವಿಚಾರ

ಈ ಯುದ್ಧದ ಬಗೆಗೆ ನಮಗೆ ತಿಳಿದಿರುವುದರಲ್ಲಿ ಬಹುಭಾಗ ಗೆದ್ದವರ ಬರಹದಿಂದ ಬಂದುದು. ವೆಲ್ಲೆಸ್ಲಿಯ ಪತ್ರಗಳಲ್ಲಿ ವೆಂಕಟಾದ್ರಿ ನಾಯಕನು ಕೇವಲ ದಂಗೆಕೋರ. 1800–01ರಲ್ಲಿ ಕಂಪನಿಯ ಆಜ್ಞೆಯಂತೆ ಸಂಚರಿಸಿ ಬಾಣಾವರ, ಹಳೇಬೀಡು, ಬೇಲೂರುಗಳ ದಾರಿಯಲ್ಲಿಯೂ ಸಾಗಿದ ಬುಕಾನನ್ ಬೆಳೆ, ನೀರಾವರಿ, ಜಾತಿ, ಕಸುಬುಗಳನ್ನು ಶ್ರದ್ಧೆಯಿಂದ ಬರೆದುಕೊಂಡನು. ಆದರೆ ಹೊಸದಾಗಿ ಬಂದ ರಾಜ್ಯದ ಹುಟ್ಟುವಳಿಯನ್ನು ಅರಿಯುವುದು ಅವನ ಪ್ರವಾಸದ ಗುರಿಯಾಗಿತ್ತು.

ಜೈನ ಸಾಹಿತ್ಯದ ಅಧ್ಯಯನಕಾರರಿಗೆ ಇಲ್ಲಿ ಇನ್ನೊಂದು ಸಂಗತಿ ಮುಖ್ಯವಾಗುತ್ತದೆ. ಶ್ರೀರಂಗಪಟ್ಟಣದ ಮುತ್ತಿಗೆಗಳಲ್ಲಿ ಎಂಜಿನಿಯರಾಗಿದ್ದ ಕಾಲಿನ್ ಮೆಕೆಂಜಿಯೇ ಯುದ್ಧದ ಅನಂತರ ಮೈಸೂರಿನ ಭೂಮಾಪನದ ಮುಖ್ಯಸ್ಥನಾದನು. ಭೂಮಿ ಅಳೆಯುವುದರ ಜತೆಗೆ ಶಾಸನ, ಕೈಫಿಯತ್ತು, ಓಲೆಗರಿಗಳನ್ನು ಸಂಗ್ರಹಿಸಿದನು. ಹಳಗನ್ನಡ ಶಾಸನಗಳನ್ನು ಅವನಿಗೆ ಓದಿ ಹೇಳುತ್ತಿದ್ದವನು ಕನಕಗಿರಿ ಎಂಬ ಜೈನಕ್ಷೇತ್ರವಿರುವ ಮಲೆಯೂರಿನ ಜೈನ ಪಂಡಿತ ಧರ್ಮಯ್ಯ. ಏಷ್ಯಾಟಿಕ್ ರಿಸರ್ಚಸ್ ಪತ್ರಿಕೆಯ ಒಂಬತ್ತನೆಯ ಸಂಪುಟದಲ್ಲಿ ಮೆಕೆಂಜಿ ಪ್ರಕಟಿಸಿದ ಜೈನರ ವಿಚಾರವಾದ ಲೇಖನ ಯುರೋಪಿನ ವಿದ್ವಾಂಸರಿಗೆ ದಕ್ಷಿಣದ ಜೈನಧರ್ಮದ ಪರಿಚಯ ಮಾಡಿಕೊಟ್ಟ ಮೊದಲ ಬರಹಗಳಲ್ಲೊಂದು. ಅದೇ ಕನಕಗಿರಿಯ ದೇವಚಂದ್ರನು ಮೆಕೆಂಜಿಯ ಸಂಪರ್ಕಕ್ಕೆ ಬಂದು, ಮುಂದೆ ರಾಜಾವಳೀಕಥೆಯನ್ನು ರಚಿಸಿದನು. 1838ರ ಸುಮಾರಿಗೆ ಪೂರ್ಣಗೊಂಡ ಈ ಕೃತಿ ಮೈಸೂರು ಅರಮನೆಯ ದೇವೀರಮ್ಮಣ್ಣಿಗೆ ಸಂಬಂಧಿಸಿದ್ದು. ಜೈನ ಪರಂಪರೆಯ ಕಥೆಗಳೊಡನೆ ಹೊಯ್ಸಳ, ಮೈಸೂರು ಅರಸರ ವೃತ್ತಾಂತವೂ ಅದರಲ್ಲಿ ಹೆಣೆದುಕೊಂಡಿದೆ.

ಯುದ್ಧವನ್ನು ಬಾಲ್ಯ ಯೌವನಗಳಲ್ಲಿ ಕಂಡ ತಲೆಮಾರಿನ ಜೈನ ಲೇಖಕನೊಬ್ಬನು ಕನ್ನಡದಲ್ಲಿಯೇ ಚರಿತ್ರೆ ಬರೆದನೆಂಬುದು ನಮ್ಮ ಭಾಗ್ಯ. ಹಾಗೆಂದು ಅವನ ಮಾತನ್ನೆಲ್ಲ ಪ್ರಮಾಣವೆಂದು ತೆಗೆದುಕೊಳ್ಳಲಾಗದು. ಅವನು ಒಡೆಯರ ಅರಮನೆಗಾಗಿ ಬರೆದವನು, ಜೈನ ದೃಷ್ಟಿಯಿಂದ ಬರೆದವನು, ಘಟನೆಗಳಾಗಿ ದಶಕಗಳ ಅನಂತರ ಬರೆದವನು. ಇಂಗ್ಲಿಷ್ ಅಧಿಕಾರಿಯ ವರದಿಗೆ ಯಾವ ಪರೀಕ್ಷೆಯೋ ದೇವಚಂದ್ರನ ಕಥನಕ್ಕೂ ಅದೇ ಪರೀಕ್ಷೆ. ಅನೇಕಾಂತವಾದವನ್ನು ಪರಂಪರೆಯಾಗಿ ಪಡೆದವರಿಗೆ ಇದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ವಸ್ತುವನ್ನು ಒಂದೇ ನಯದಿಂದ ನೋಡಿ ಅದೇ ಪೂರ್ಣವೆಂದು ನಂಬುವುದು ದುರ್ನಯ.

ಉಪಸಂಹಾರ

ಮೈಸೂರು–ಇಂಗ್ಲಿಷ್ ಯುದ್ಧವನ್ನು ಟಿಪ್ಪು ಮತ್ತು ಕಂಪನಿ ಎಂಬ ಇಬ್ಬರ ಕಥೆಯಾಗಿ ಓದಿದಾಗ ಅದು ಇಂದಿನ ವಾದವಿವಾದಗಳಿಗೆ ಮಾತ್ರ ಒದಗುತ್ತದೆ. ಅರಸೀಕೆರೆಯ ಬಯಲಿನಿಂದ, ಬೇಲೂರಿನ ಮಲೆಯಂಚಿನಿಂದ ಓದಿದಾಗ ಬೆಳೆ ಕಳೆದುಕೊಂಡ ರೈತ, ಊರನ್ನು ತಾನೇ ಕಾಯ್ದುಕೊಂಡ ಗೌಡ, ಮೂರು ಸೇನೆಗಳ ನಡುವೆ ದಾರಿ ಹುಡುಕಿದ ಪಾಳೆಯಗಾರ ಕಾಣಿಸುತ್ತಾರೆ. ಬೇಲೂರು, ಸಕಲೇಶಪುರ ತಾಲ್ಲೂಕುಗಳ ಊರುಗಳಲ್ಲಿ ಇನ್ನೂ ಉಳಿದಿರಬಹುದಾದ ಕಂದಕದ ಗುರುತುಗಳು, ಪಾಳೆಯಗಾರರ ಕುರಿತ ಐತಿಹ್ಯಗಳು, ಮನೆತನಗಳ ಕಡತಗಳು, ಬಲಂಗೆ ಸಂಬಂಧಿಸಿದ ಕೈಫಿಯತ್ತುಗಳು, ಇವನ್ನೆಲ್ಲ ವೆಲ್ಲೆಸ್ಲಿಯ ಪತ್ರಗಳೊಡನೆ ಇಟ್ಟು ಓದುವ ಕೆಲಸವನ್ನು ಕನ್ನಡ ಬಲ್ಲ ತರುಣ ಸಂಶೋಧಕರು ಕೈಗೆತ್ತಿಕೊಳ್ಳಬೇಕು. ದೂರದ ಪತ್ರಾಗಾರಗಳಲ್ಲಿ ವೆಲ್ಲೆಸ್ಲಿಯ ಮಾತು ಭದ್ರವಾಗಿದೆ. ವೆಂಕಟಾದ್ರಿ ನಾಯಕನ ಕಡೆಯ ಮಾತನ್ನು ಹುಡುಕಬೇಕಾದ ಜಾಗ ಈ ಸೀಮೆಯೇ.